ಮೂಲವ್ಯಾಧಿಯನ್ನು ಮುಚ್ಚಿಡುವುದೇಕೆ?

ಜ್ವರ ಬಂದರೆ ನಾವು ಮನೆಮಂದಿಗೆಲ್ಲ ಹೇಳುತ್ತೇವೆ. ಮೊಣಕಾಲು ನೋವನ್ನು ನೆರೆಹೊರೆಯವರಲ್ಲಿಯೂ ತೋಡಿಕೊಳ್ಳುತ್ತೇವೆ. ಆದರೆ ಶೌಚದ ವೇಳೆ ರಕ್ತ ಕಂಡರೆ ಯಾರಿಗೂ ತಿಳಿಸದೆ ವರ್ಷಗಟ್ಟಲೆ ಸಹಿಸಿಕೊಳ್ಳುತ್ತೇವೆ. ಬಸಿರಿನಲ್ಲಿ, ಬಾಣಂತನದಲ್ಲಿ ಈ ತೊಂದರೆಗೆ ಒಳಗಾಗುವ ತಾಯಂದಿರ ಮೌನವಂತೂ ಇನ್ನೂ ದೀರ್ಘವಾದುದು. ಈ ಸಂಕೋಚವೇ ಅಪಾಯಕ್ಕೆ ದಾರಿ.

ರಕ್ತ ಹೋದುದೆಲ್ಲ ಮೂಲವ್ಯಾಧಿಯಲ್ಲ. ಮಲದ್ವಾರದ ಒಳಗಿನ ರಕ್ತನಾಳಗಳ ಮೆತ್ತೆ ಉಬ್ಬಿ ಕೆಳಗೆ ಜಾರುವುದು ಮೂಲವ್ಯಾಧಿ. ಇದರಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಹೋಗುತ್ತದೆ. ಗಟ್ಟಿಯಾದ ಮಲದಿಂದ ಅಂಚು ಸೀಳಿ, ಕತ್ತರಿಸಿದಂತಹ ನೋವು ಬಂದರೆ ಅದು ಬಿರುಕು. ಒಳಗಿನಿಂದ ಹೊರಚರ್ಮದವರೆಗೆ ಕೀವು ದಾರಿ ಮಾಡಿಕೊಂಡರೆ ಅದು ಭಗಂದರ. ಕರುಳಿನ ಕ್ಯಾನ್ಸರ್ ಕೂಡ ರಕ್ತಸ್ರಾವದಿಂದಲೇ ಮೊದಲು ತೋರಬಹುದು.

ಇವನ್ನು ಬೇರ್ಪಡಿಸಿ ಗುರುತಿಸುವುದು ಇಂದು ಕಷ್ಟವಲ್ಲ. ವೈದ್ಯರು ಬೆರಳಿನಿಂದಲೂ ಪ್ರಾಕ್ಟೋಸ್ಕೋಪ್ ಎಂಬ ಚಿಕ್ಕ ನಳಿಕೆಯಿಂದಲೂ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುತ್ತಾರೆ. ವಯಸ್ಸು 45 ದಾಟಿದವರಿಗೆ, ತೂಕ ಇಳಿದವರಿಗೆ, ಶೌಚದ ರೀತಿ ಬದಲಾದವರಿಗೆ ಕೊಲೊನೊಸ್ಕೋಪಿ ಬೇಕಾಗಬಹುದು. ಭಗಂದರದ ಕವಲುಗಳನ್ನು ಎಂ.ಆರ್.ಐ. ಸ್ಪಷ್ಟವಾಗಿ ತೋರಿಸುತ್ತದೆ.

ಚಿಕಿತ್ಸೆಯೂ ಸೌಮ್ಯವಾಗಿದೆ. ಒಳಮೂಲದ ಬುಡಕ್ಕೆ ರಬ್ಬರ್ ಉಂಗುರ ತೊಡಿಸುವ ವಿಧಾನವನ್ನು ಅಮೆರಿಕದ ಡಾ. ಜೇಮ್ಸ್ ಬ್ಯಾರನ್ 1963ರಲ್ಲಿ ಪ್ರಚಾರಕ್ಕೆ ತಂದರು. ರಕ್ತ ಸಿಗದ ಗಂಟು ಕೆಲವು ದಿನಗಳಲ್ಲಿ ತಾನೇ ಉದುರುತ್ತದೆ. ಅರಿವಳಿಕೆ ಸಾಮಾನ್ಯವಾಗಿ ಬೇಕಿಲ್ಲ. ಹೊಸ ಬಿರುಕುಗಳಲ್ಲಿ ಬಹಳಷ್ಟು ಮಲ ಮೃದುವಾದರೆ ಮಾಯುತ್ತವೆ. ಹಳೆಯದಕ್ಕೆ ಸ್ನಾಯುವಿನ ಬಿಗಿ ಸಡಿಲಿಸುವ ಮುಲಾಮುಗಳಿವೆ.

ಭಗಂದರಕ್ಕೆ ನಮ್ಮ ಸುಶ್ರುತನ ಪರಂಪರೆಯ ಕ್ಷಾರಸೂತ್ರವಿದೆ. ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನ ಲೇಪಿಸಿದ ಈ ದಾರವನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ಪುನಃ ಬಳಕೆಗೆ ತಂದರು. 1991ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇಕಡಾ 11ರಷ್ಟು ಜನರಿಗೆ ವ್ಯಾಧಿ ಮರುಕಳಿಸಿದರೆ, ಕ್ಷಾರಸೂತ್ರದಲ್ಲಿ ಅದು ಶೇಕಡಾ 4ರಷ್ಟಿತ್ತು. ಗಾಯ ಮಾಯಲು ಮಾತ್ರ ಹೆಚ್ಚು ಕಾಲ ಹಿಡಿಯಿತು.

ಇವೆಲ್ಲ ನುರಿತ ವೈದ್ಯರ ಕೈಯಲ್ಲಿ ನಡೆಯಬೇಕಾದವು. ಗೋಡೆಬರಹ ನಂಬಿ, ಅರ್ಹತೆಯಿಲ್ಲದವರಿಂದ ಚುಚ್ಚುಮದ್ದು ಹಾಕಿಸಿಕೊಳ್ಳುವುದು ಸಲ್ಲದು.

ವ್ಯಾಧಿ ಬಾರದಂತೆ ತಡೆಯುವ ಸಾಧನ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಹಣ್ಣು, ಸಾಕಷ್ಟು ನೀರು ಮಲಬದ್ಧತೆಯನ್ನು ದೂರವಿಡುತ್ತವೆ. ಶೌಚಾಲಯದಲ್ಲಿ ಮೊಬೈಲ್ ಹಿಡಿದು ಬಹಳ ಹೊತ್ತು ಕೂರುವ ಹೊಸ ರೂಢಿಯನ್ನೂ, ತಿಣುಕುವುದನ್ನೂ ಬಿಡಬೇಕು. ಮನೆಯಲ್ಲಿ ಹಿರಿಯರಾಗಲಿ, ಸೊಸೆಯಾಗಲಿ ಈ ಬಾಧೆಯನ್ನು ಹೇಳಿಕೊಂಡಾಗ ನಗದೆ, ಜರಿಯದೆ, ವೈದ್ಯರಲ್ಲಿಗೆ ಜೊತೆಯಾಗಿ ಹೋಗುವುದು ಕುಟುಂಬದ ಕರ್ತವ್ಯ.