ಆ ಪುಟ್ಟ ಗೋಲ್ಡ್‌ಫಿಶ್ ತರೋ ಮುಂಚೆ

ಅಂಗಡಿಯಲ್ಲಿ ಹೆಬ್ಬೆರಳುದ್ದ ಕಾಣೋ ಗೋಲ್ಡ್‌ಫಿಶ್
ಬೆಳೆದು ಎಷ್ಟುದ್ದ ಆಗುತ್ತೆ, ಗೊತ್ತಾ?

ಚೆನ್ನಾಗಿ ಸಾಕಿದ್ರೆ, ಒಂದು ಅಡಿವರೆಗೂ!

ಅದನ್ನ ಗಾಜಿನ ಬೋಗುಣೀಲಿ ಇಡೋದು ಅಂದ್ರೆ
ಎಮ್ಮೆಕರುವನ್ನ ಬಚ್ಚಲುಮನೇಲಿ ಕಟ್ಟಿದ ಹಾಗೆ.
ಕರು ಇರೋವರೆಗೂ ಸರಿ.
ಎಮ್ಮೆ ಆದಮೇಲೆ?

ನಿಮ್ಮದು 20 ಲೀಟರ್ ತೊಟ್ಟೀನಾ?
ಒಂದು ಬೆಟ್ಟಾ ಮೀನು ತನ್ನಿ.
ಒಂದೇ ಒಂದು!
ಎರಡು ಗಂಡು ಬಿಟ್ರೆ, ಸಾಯೋ ಹಾಗೆ ಕಚ್ಚಾಡ್ತವೆ.

ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯುತ್ತೆ, ನಿಜ.
ಹಾಗಂತ ಬಾಟಲೀಲಿ ಇಡಬೇಡಿ, ದಯವಿಟ್ಟು.
ಅದಕ್ಕೂ ಫಿಲ್ಟರ್ ಬೇಕು, ಈಜೋಕೆ ಜಾಗ ಬೇಕು.

40 ಲೀಟರ್ ಇದ್ರೆ, ಗಪ್ಪಿ ಮೀನು.
ಗಂಡುಗಳನ್ನಷ್ಟೇ ಆರಿಸಿ.
ಬಣ್ಣದ ಬಾಲದ ಚೆಲುವೆಲ್ಲ ಅವುಗಳದ್ದೇ.
ಹೆಣ್ಣೂ ಜೊತೆಗಿದ್ರೆ, ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಮರಿಗಳ ಹಿಂಡು!

ಅಂಗಡಿಯವರನ್ನ ಬೆಲೆಗಿಂತ ಮೊದಲು ಇದನ್ನ ಕೇಳಿ:
"ಈ ಮೀನು ಎಷ್ಟುದ್ದ ಬೆಳೆಯುತ್ತೆ?"