ಕಲ್ಯಾಣದ ಹಮೀದಾ ಬಾನು

ಹೆವಿವೇಟ್ ಎಂದೊಡನೆ ನಿಮಗೆ ಮುಹಮ್ಮದ್ ಅಲಿ, ಮೈಕ್ ಟೈಸನ್ ನೆನಪಾಗುತ್ತಾರೆ. ನಮ್ಮ ವಯಸ್ಸಿನ ಮುಂಬಯಿಗರಿಗಾದರೆ ದಾರಾಸಿಂಗ್, ಕಿಂಗ್‌ಕಾಂಗ್. ಇವರ ಸಾಲಿನಲ್ಲಿ ನಿಲ್ಲಬೇಕಾದ ಒಬ್ಬ ಹೆಣ್ಣುಮಗಳು ನೀವು ದಿನವೂ ಓಡಾಡುವ ಲೋಕಲ್ ಗಾಡಿಯ ದಾರಿಯಲ್ಲೇ, ನಮ್ಮ ಕಲ್ಯಾಣದಲ್ಲಿ, ಹಾಲು ಮಾರಿಕೊಂಡು ಬದುಕಿದ್ದಳು ಎಂದರೆ ನಂಬುತ್ತೀರಾ? ಹೆಸರು ಹಮೀದಾ ಬಾನು. 2024ರ ಮೇ 4ರಂದು ಗೂಗಲ್ ತನ್ನ ಮುಖಪುಟದಲ್ಲಿ ಈಕೆಯ ಚಿತ್ರ ಹಾಕಿತ್ತು. ಅದನ್ನು ಬಿಡಿಸಿದವರು ಬೆಂಗಳೂರಿನ ಕಲಾವಿದೆ ದಿವ್ಯಾ ನೇಗಿ. ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ನೋಡಿರಲೂಬಹುದು, ನೋಡಿ ಮರೆತಿರಲೂಬಹುದು.

ಹಮೀದಾ ಉತ್ತರ ಪ್ರದೇಶದವಳು. ಮಿರ್ಜಾಪುರದಿಂದ ಅಲೀಗಢಕ್ಕೆ ಬಂದು ಸಲಾಂ ಪೈಲ್ವಾನನೆಂಬ ಉಸ್ತಾದನ ಬಳಿ ಕುಸ್ತಿ ಕಲಿತಳು. ಹೆಣ್ಣು ಗರಡಿಮನೆಯ ಹೊಸ್ತಿಲು ತುಳಿಯಬಾರದೆಂದು ನಂಬಿದ್ದ ಕಾಲ ಅದು. ಎದುರಾಳಿಯಾಗಿ ಹೆಂಗಸರು ಸಿಗದಿದ್ದುದರಿಂದ ಗಂಡಸರ ಜೊತೆಯಲ್ಲೇ ಅಖಾಡಕ್ಕೆ ಇಳಿದಳು. ಪತ್ರಿಕೆಗಳು ಈಕೆಯನ್ನು ‘ಅಲೀಗಢದ ಅಮೆಜಾನ್’ ಎಂದು ಕರೆದವು. ಎತ್ತರ 5 ಅಡಿ 3 ಅಂಗುಲ, ತೂಕ 108 ಕಿಲೋ.

ಇನ್ನು ಈಕೆಯ ಊಟದ ಮಾತು. ಮೂವತ್ತು ವರ್ಷ ಅಡಿಗೆಮನೆಯಲ್ಲಿ ಕಳೆದ ನನಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಆಗಿನ ಪತ್ರಿಕೆಗಳ ಪ್ರಕಾರ ದಿನವೊಂದಕ್ಕೆ ಐದೂವರೆ ಲೀಟರಿಗೂ ಹೆಚ್ಚು ಹಾಲು, ಅದರ ಅರ್ಧದಷ್ಟು ಸೂಪು, ಹಣ್ಣಿನ ರಸ, ಒಂದು ಇಡೀ ಕೋಳಿ, ಕಿಲೋ ಹತ್ತಿರ ಮಟನ್, ಅಷ್ಟೇ ಬಾದಾಮಿ, ಅರ್ಧ ಕಿಲೋಗೆ ತುಸು ಕಡಿಮೆ ಬೆಣ್ಣೆ, ಆರು ಮೊಟ್ಟೆ, ಎರಡು ದೊಡ್ಡ ಬ್ರೆಡ್ಡು, ಎರಡು ತಟ್ಟೆ ಬಿರಿಯಾನಿ! ಹಾಲೊಂದೇ ನಮ್ಮ ಅರ್ಧ ಲೀಟರಿನ ಪೊಟ್ಟಣಗಳು ಹನ್ನೊಂದಾದವು. ಒಂಬತ್ತು ಗಂಟೆ ನಿದ್ದೆ, ಆರು ಗಂಟೆ ಸಾಧನೆ. ಪ್ರಚಾರಕ್ಕಾಗಿ ಲೆಕ್ಕವನ್ನು ಸ್ವಲ್ಪ ಉಬ್ಬಿಸಿದ್ದಿರಬಹುದು. ಆದರೂ ಒಂದು ಹೆಣ್ಣು ಇಷ್ಟು ತಿನ್ನುತ್ತಾಳೆಂದು ಅಚ್ಚಿನಲ್ಲಿ ಬಂದಾಗ ಆಕೆ ನಾಚಲಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಎರಡನೇ ಚಪಾತಿಗೆ ಬೇಡ ಬೇಡ ಎನ್ನುವ ನಮ್ಮ ಹುಡುಗಿಯರು ಇದನ್ನು ಓದಬೇಕು.

1954ರ ಫೆಬ್ರವರಿಯಲ್ಲಿ ಹಮೀದಾ ಒಂದು ಸವಾಲು ಹಾಕಿದಳು: ಕುಸ್ತಿಯಲ್ಲಿ ನನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ. ಪಟಿಯಾಲದ ಒಬ್ಬ, ಕಲ್ಕತ್ತದ ಒಬ್ಬ ಪೈಲ್ವಾನರು ಬಂದು ಸೋತು ಹೋದರು. ಮೇ ತಿಂಗಳಲ್ಲಿ ಬರೋಡದಲ್ಲಿ ಮೂರನೆಯದು. ಅಲ್ಲಿನ ಮಹಾರಾಜರ ಆಶ್ರಯದಲ್ಲಿದ್ದ ಛೋಟೆ ಗಾಮಾ ಕೊನೆ ಗಳಿಗೆಯಲ್ಲಿ ಹಿಂದೆ ಸರಿದ. ಬದಲಿಗೆ ಬಂದ ಬಾಬಾ ಪೈಲ್ವಾನನನ್ನು ಹಮೀದಾ 1 ನಿಮಿಷ 34 ಸೆಕೆಂಡಿನಲ್ಲಿ ಕೆಡವಿದಳು. ಅಷ್ಟರೊಳಗೆ ವರನ ಕನಸು ಮಣ್ಣುಪಾಲು!

ಮುಂಬಯಿಗೂ ಈಕೆಗೂ ಹಳೆಯ ನಂಟು. 1944ರಲ್ಲೇ ಇಲ್ಲಿ ಗೂಂಗಾ ಪೈಲ್ವಾನನ ಜೊತೆ ಈಕೆಯ ಕುಸ್ತಿ ನೋಡಲು ಇಪ್ಪತ್ತು ಸಾವಿರ ಜನ ಸೇರಿದ್ದರಂತೆ. ಆತ ಹೆಚ್ಚು ಹಣ, ಹೆಚ್ಚು ಸಮಯ ಬೇಕೆಂದು ಹಟ ಹಿಡಿದುದರಿಂದ ಪಂದ್ಯವೇ ರದ್ದಾಯಿತು. ಸಿಟ್ಟಿಗೆದ್ದ ಜನ ಕ್ರೀಡಾಂಗಣವನ್ನು ಹಾಳುಗೆಡವಿದರು. ಹತ್ತು ವರ್ಷಗಳ ನಂತರ, 1954ರಲ್ಲಿ, ‘ರಷ್ಯದ ಹೆಣ್ಣು ಕರಡಿ’ ಎನಿಸಿಕೊಂಡಿದ್ದ ವೆರಾ ಚಿಸ್ಟಿಲಿನ್‌ಳನ್ನು ಇದೇ ಊರಿನಲ್ಲಿ ಒಂದು ನಿಮಿಷದೊಳಗೆ ಸೋಲಿಸಿದಳು. ಉರ್ದು ಲೇಖಕಿ ಕುರ್ರತುಲ್‌ಐನ್ ಹೈದರ್ ಅವರ ಒಂದು ಕಥೆಯಲ್ಲೂ ಹಮೀದಾಳ ಮುಂಬಯಿ ಕುಸ್ತಿಯ ಪ್ರಸ್ತಾಪ ಬರುತ್ತದೆ.

ಎಲ್ಲ ಕಡೆಯೂ ಹಾರ ತುರಾಯಿಗಳೇ ಸಿಗಲಿಲ್ಲ. ಪುಣೆಯಲ್ಲಿ ರಾಮಚಂದ್ರ ಸಾಳುಂಕೆಯವರೊಡನೆ ಆಗಬೇಕಿದ್ದ ಕುಸ್ತಿ ಸ್ಥಳೀಯ ಕುಸ್ತಿ ಸಂಘದ ವಿರೋಧದಿಂದ ನಿಂತಿತು. ಕೊಲ್ಹಾಪುರ, ನಿಮಗೆ ಗೊತ್ತಿರುವಂತೆ, ಕುಸ್ತಿಯ ಕಾಶಿ. ನಮ್ಮ ಬೆಳಗಾವಿ ಕಡೆಯ ಹುಡುಗರೂ ಅಲ್ಲಿಯ ತಾಲೀಮುಗಳಿಗೆ ಹೋಗಿ ಕಲಿಯುತ್ತಿದ್ದರು. ಅಂಥಲ್ಲಿ ಈಕೆ ಒಬ್ಬ ಗಂಡಸನ್ನು ಸೋಲಿಸಿದಾಗ ಜನ ಕಲ್ಲು ತೂರಿದರು, ಪೊಲೀಸರು ಬರಬೇಕಾಯಿತು. ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿಯವರಿಗೆ ಹಮೀದಾ ದೂರು ಕೊಟ್ಟಳು. ಹೆಣ್ಣೆಂದು ತಡೆದಿಲ್ಲ, ಸಂಘಟಕರು ಎದುರಾಳಿಯಾಗಿ ‘ಡಮ್ಮಿ’ಗಳನ್ನು ತಂದು ನಿಲ್ಲಿಸುತ್ತಾರೆಂದು ದೂರುಗಳಿವೆ ಎಂಬುದು ಅವರ ಉತ್ತರ.

ಈ ಆಪಾದನೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆ ಕಾಲದ ಕುಸ್ತಿಯಲ್ಲಿ ಆಟ ಎಷ್ಟು, ನಾಟಕ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇತಿಹಾಸಕಾರ ರೊನೊಜೊಯ್ ಸೇನ್ ತಮ್ಮ ಪುಸ್ತಕದಲ್ಲಿ ಒಂದು ತಮಾಷೆ ಹೇಳುತ್ತಾರೆ. ಹಮೀದಾಳ ಕುಸ್ತಿಯ ಬಳಿಕ ಒಬ್ಬ ಕುಂಟ ಮತ್ತು ಒಬ್ಬ ಕುರುಡ ಪೈಲ್ವಾನರ ಕಾದಾಟವಿತ್ತಂತೆ. ಕುರುಡನಿಗೆ ಹಲ್ಲುನೋವು ಬಂದು ಅದೂ ನಡೆಯಲಿಲ್ಲ! ಆದರೆ ನನ್ನದೊಂದು ಪ್ರಶ್ನೆ. ಮೋಸದ ಶಂಕೆ ಗಂಡಸರ ಕುಸ್ತಿಗಳ ಮೇಲೂ ಇತ್ತಲ್ಲ? ಅವರನ್ನು ಜನ ಸಿನೆಮಾ ನಟರಂತೆ ಹೆಗಲ ಮೇಲೆ ಹೊತ್ತರು. ಇವಳಿಗೆ ಕಲ್ಲು ಏಕೆ ಬಿತ್ತು?

ವೆರಾಳನ್ನು ಗೆದ್ದ ಮೇಲೆ ಯುರೋಪಿಗೆ ಹೋಗಿ ಅಲ್ಲಿಯವರೊಡನೆ ಸೆಣಸುವುದಾಗಿ ಹಮೀದಾ ಸಾರಿದಳು. ಆ ಬಳಿಕ ಕುಸ್ತಿಯ ಸುದ್ದಿಗಳಿಂದ ಆಕೆಯ ಹೆಸರೇ ಮಾಯವಾಯಿತು. ಅಖಾಡದಲ್ಲಿ ಯಾರೋ ಸೋಲಿಸಿದ್ದರೆ ಒಂದು ಮಾತು. ಆಕೆಯ ಮನೆಯವರು ಮತ್ತು ನೆರೆಯವರು ಮುಂದೆ ಪತ್ರಕರ್ತರಿಗೆ ಹೇಳಿದ ಕಥೆ ಬೇರೆ. ಯುರೋಪಿನ ಯೋಚನೆ ಸಲಾಂ ಪೈಲ್ವಾನನಿಗೆ ಹಿಡಿಸಲಿಲ್ಲವಂತೆ. ತಡೆಯಲು ಕೋಲಿನಿಂದ ಹೊಡೆದು ಕೈ ಮುರಿದನಂತೆ, ಕಾಲುಗಳಿಗೂ ಪೆಟ್ಟು ಬಿದ್ದು ಎಷ್ಟೋ ಕಾಲ ಕೋಲು ಹಿಡಿದೇ ನಡೆಯಬೇಕಾಯಿತಂತೆ. ಇಬ್ಬರಿಗೂ ಮದುವೆಯಾಗಿತ್ತೇ ಇಲ್ಲವೇ ಎಂಬಲ್ಲಿ ಮನೆಯವರಲ್ಲೇ ಒಮ್ಮತವಿಲ್ಲ. ದೇಶದ ಗಂಡಸರಿಗೆಲ್ಲ ಸವಾಲು ಹಾಕಿದವಳು ಮನೆಯೊಳಗಿನ ಏಟಿಗೆ ಸಿಕ್ಕಿದಳೆಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತೆ.

ಆತ ಅಲೀಗಢಕ್ಕೆ ಹಿಂದಿರುಗಿದ, ಈಕೆ ಕಲ್ಯಾಣದಲ್ಲೇ ಉಳಿದಳು. ಹಾಲಿನ ವ್ಯಾಪಾರ, ಬಾಡಿಗೆಗೆ ಕೊಟ್ಟ ಕೋಣೆಗಳು, ಅದರಲ್ಲೇ ಜೀವನ. ಕೈಯಲ್ಲಿ ಹಣ ಬರಿದಾದಾಗ ಮನೆಯಲ್ಲಿ ತಿಂಡಿ ಮಾಡಿ ರಸ್ತೆ ಬದಿಯಲ್ಲಿ ಮಾರಿದಳು. ದಿನಕ್ಕೆ ಐದೂವರೆ ಲೀಟರು ಹಾಲು ಕುಡಿದವಳು ಊರವರಿಗೆ ಹಾಲು ಅಳೆದು ಕೊಟ್ಟಳು. 1986ರಲ್ಲಿ ತೀರಿಕೊಂಡಳು.

ಅಮೆರಿಕದ ಜೋ ಲೂಯಿಯ ಗತಿಯೂ ಹೀಗೇ ಇತ್ತು ಎನ್ನಬಹುದು. 1937ರಿಂದ 1949ರ ತನಕ ಬಾಕ್ಸಿಂಗಿನ ಹೆವಿವೇಟ್ ಚಾಂಪಿಯನ್ ಆಗಿದ್ದವನು ತೆರಿಗೆಯ ಸಾಲದಲ್ಲಿ ಮುಳುಗಿ ಕೊನೆಗೆ ಲಾಸ್ ವೇಗಾಸಿನ ಜೂಜುಮನೆಯಲ್ಲಿ ಅತಿಥಿಗಳ ಕೈಕುಲುಕುವ ಕೆಲಸಕ್ಕೆ ನಿಂತ. ಆದರೆ 1981ರಲ್ಲಿ ಸತ್ತಾಗ ಅವನನ್ನು ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲಿ ಗೌರವದಿಂದ ಮಣ್ಣು ಮಾಡಿದರು. ಹಮೀದಾ ಸತ್ತ 18 ವರ್ಷಗಳ ಮೇಲೆ, 2004ರಲ್ಲಿ, ಮಹಿಳೆಯರ ಕುಸ್ತಿ ಒಲಿಂಪಿಕ್ಸ್ ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ರಿಯೋದಿಂದ ಕಂಚು ತಂದಳು.

ಕಲ್ಯಾಣ, ಉಲ್ಲಾಸನಗರ, ಡೊಂಬಿವಲಿಗಳಲ್ಲಿ ನಮ್ಮವರ ಸಂಸಾರಗಳು ಎಪ್ಪತ್ತರ ದಶಕದಿಂದಲೂ ಇವೆ. ಹಾಲಿಗೆಂದು ಬೆಳಗ್ಗೆ ಚೆಂಬು ಹಿಡಿದು ಹೋದ ಅಜ್ಜಿಯರು, ದೊಡ್ಡಮ್ಮಂದಿರು ಇನ್ನೂ ಇದ್ದಾರೆ. ಆ ದಪ್ಪ ಮೈಯ ಹಾಲಿನವಳ ನೆನಪು ಇದೆಯೇ ಎಂದು ಈ ಭಾನುವಾರ ಅವರನ್ನು ಕೇಳಿ. ಏನಾದರೂ ಸಿಕ್ಕಿದರೆ, ಕನ್ನಡ ಬರೆಯಲು ಬಾರದಿದ್ದರೂ ಅಡ್ಡಿಯಿಲ್ಲ, ನನಗೆ ಹೇಳಿ, ನಾನು ಬರೆದುಕೊಳ್ಳುತ್ತೇನೆ.