ಗದ್ದೆಗಿಳಿದ ರಾಜಹಂಸ

ರಕ್ಷಿತ ಪ್ರದೇಶ ಎಂಬ ಮಾತು ಕಿವಿಗೆ ಬಿದ್ದೊಡನೆ ಬೆಳೆಗಾರನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಹಾಗಾದರೆ ನಮ್ಮ ಗತಿ ಏನು? ಹಕ್ಕಿಗೆ ರಕ್ಷಣೆ ಕೊಡುವುದೆಂದರೆ ರೈತನನ್ನು ಹೊರಗಟ್ಟುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಹಕ್ಕಿ, ಕಾಡುಗಿಡ, ಭತ್ತ, ದನ, ಉಪ್ಪು ಇವೆಲ್ಲ ಒಂದೇ ನೀರನ್ನು ಹಂಚಿಕೊಂಡು ಬದುಕಬೇಕಾದ ಒಂದು ರಕ್ಷಿತ ಪ್ರದೇಶ ಫ್ರಾನ್ಸ್ ದೇಶದ ಮೆಡಿಟರೇನಿಯನ್ ಕರಾವಳಿಯಲ್ಲಿದೆ. ಅದರ ಹೆಸರು ಕಾಮಾರ್ಗ್. ಅಲ್ಲಿಯೂ ರೈತನಿಗೆ ನಷ್ಟವಾಗಿದೆ, ಜಗಳ ನಡೆದಿದೆ. ಅವರು ಅದನ್ನು ಹೇಗೆ ಎದುರಿಸಿದರೆಂಬುದು ನಮ್ಮ ಸದಸ್ಯರೂ ತಿಳಿಯತಕ್ಕ ಸಂಗತಿ.

ಉಪ್ಪಿನ ಮೇಲೆ ನಿಂತ ನೆಲ

ಆಲ್ಪ್ಸ್ ಪರ್ವತಗಳಿಂದ ಇಳಿದು ಬರುವ ರೋನ್ ನದಿ ಆರ್ಲ್ ಪಟ್ಟಣದ ಬಳಿ ಎರಡು ಕವಲಾಗಿ ಸಮುದ್ರ ಸೇರುತ್ತದೆ. ಆ ಕವಲುಗಳ ನಡುವಿನ ತಗ್ಗು ನೆಲವೇ ಕಾಮಾರ್ಗ್. ಅದರ ಮಧ್ಯದಲ್ಲಿ ವಕಾರೆಸ್ ಎಂಬ ಸವುಳು ನೀರಿನ ಸರೋವರ. ವಿಸ್ತೀರ್ಣ ಸುಮಾರು 6,500 ಹೆಕ್ಟೇರು, ಅಂದರೆ 16,000 ಎಕರೆ. ಆಳ ಮಾತ್ರ ಬಹಳ ಕಡಿಮೆ.

19ನೆಯ ಶತಮಾನದ ಮಧ್ಯಭಾಗದಲ್ಲಿ ನದಿಯ ಉದ್ದಕ್ಕೂ, ಸಮುದ್ರದ ಅಂಚಿಗೂ ಏರಿ ಕಟ್ಟಿದರು. ಪ್ರವಾಹದ ಭಯ ತಗ್ಗಿತು. ಜೊತೆಗೆ ಪ್ರವಾಹ ತರುತ್ತಿದ್ದ ಸಿಹಿನೀರೂ ಮೆಕ್ಕಲು ಮಣ್ಣೂ ತಪ್ಪಿಹೋದವು. ಅಲ್ಲಿ ವರ್ಷದ ಮಳೆ ಸುಮಾರು 24 ಇಂಚು. ಬೇಸಗೆಯ ಬಿಸಿಲು ಮತ್ತು ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಒಣಗಾಳಿ ಅದಕ್ಕಿಂತ ಹೆಚ್ಚು ನೀರನ್ನು ಹೀರುತ್ತವೆ. ನೆಲದಡಿಯ ನೀರು ಉಪ್ಪು. ಮೇಲಿನ ತೇವ ಆರಿದೊಡನೆ ಅದು ಮೇಲೆದ್ದು ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಯಾವ ಜಾಗದಲ್ಲಿ ಎಷ್ಟು ಉಪ್ಪಿದೆ ಎಂಬುದನ್ನು ಅಲ್ಲಿನ ಕಾಡುಗಿಡಗಳನ್ನು ನೋಡಿಯೇ ಹೇಳಬಹುದು. ಉಪ್ಪು ಹೆಚ್ಚಿರುವಲ್ಲಿ ಸ್ಯಾಲಿಕಾರ್ನಿಯ ಎಂಬ ಗಿಣ್ಣು ಗಿಣ್ಣಾದ, ರಸ ತುಂಬಿದ ಗಿಡ. ಹಿಂದಿನ ಕಾಲದಲ್ಲಿ ಇಂಥ ಗಿಡಗಳನ್ನು ಸುಟ್ಟು, ಬೂದಿಯಿಂದ ಗಾಜಿಗೂ ಸಾಬೂನಿಗೂ ಬೇಕಾದ ಸೋಡಾ ತೆಗೆಯುತ್ತಿದ್ದರು. ಉಪ್ಪು ಸ್ವಲ್ಪ ಕಡಿಮೆ ಇರುವಲ್ಲಿ ಬೇಸಗೆಯ ಕೊನೆಗೆ ನೇರಳೆ ಹೂ ಬಿಡುವ ಸಲದೆಲ್. ಮರಳ ದಿಣ್ಣೆಗಳ ಮೇಲೆ ಜೂನಿಪರ್ ಪೊದೆ. ಸಿಹಿನೀರು ನಿಲ್ಲುವ ಕಡೆ ಆಳೆತ್ತರದ ಜೊಂಡು. ಈ ಜೊಂಡಿನೊಳಗೆ ಹಲವು ಜಾತಿಯ ಬಕಗಳು ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಮನೆ ಹೊದಿಸಲು ಅದನ್ನು ಕೊಯ್ದು ಮಾರುತ್ತಾರೆ. ಬಯಲುಗಳಲ್ಲಿ ಅರೆಕಾಡು ಸ್ಥಿತಿಯಲ್ಲಿ ಬೆಳೆಯುವ ಕಪ್ಪು ದನಗಳೂ ಬಿಳಿ ಕುದುರೆಗಳೂ ಮೇಯುತ್ತವೆ.

ಹಕ್ಕಿಗಾಗಿ ಕಟ್ಟಿದ ದ್ವೀಪ

1927ರಲ್ಲಿ ವಕಾರೆಸ್ ಸರೋವರವನ್ನೂ ಸುತ್ತಲ ನೆಲವನ್ನೂ ಸೇರಿಸಿ ಸುಮಾರು 13,000 ಹೆಕ್ಟೇರಿನಲ್ಲಿ ಬೇಟೆ ನಿಲ್ಲಿಸಿ ರಕ್ಷಣೆ ಕೊಟ್ಟರು. 1954ರಲ್ಲಿ ಲ್ಯುಕ್ ಹಾಫ್‌ಮನ್ ಎಂಬ ಸ್ವಿಸ್ ಪಕ್ಷಿತಜ್ಞರು ತಾವು ಅಲ್ಲೇ ಮೊದಲೇ ಕೊಂಡಿದ್ದ ಜಮೀನಿನಲ್ಲಿ ತೂರ್ ದು ವಲಾ ಎಂಬ ಸಂಶೋಧನಾ ಕೇಂದ್ರವನ್ನು ತೆರೆದರು. 1970ರಲ್ಲಿ ಊರುಗಳನ್ನೂ ಗದ್ದೆಗಳನ್ನೂ ಒಳಗೊಂಡ ಪ್ರಾದೇಶಿಕ ನಿಸರ್ಗ ಪಾರ್ಕು ಸ್ಥಾಪನೆಯಾಯಿತು. ಈ ಪಾರ್ಕಿನೊಳಗೆ ರೈತ ಒಕ್ಕಲೆದ್ದು ಹೋಗಬೇಕಾಗಿಲ್ಲ. ಜಮೀನು ಅವನದೇ, ಬೆಳೆಯೂ ಅವನದೇ.

ಕಾಮಾರ್ಗಿನ ಹೆಸರು ಹೊತ್ತಿರುವುದು ಫ್ಲೆಮಿಂಗೊ, ನಮ್ಮಲ್ಲಿ ರಾಜಹಂಸವೆಂದು ಕರೆಯುವ ಹಕ್ಕಿ. 1960ರ ದಶಕದಲ್ಲಿ ಹಲವು ವರ್ಷ ಅದು ಅಲ್ಲಿ ಮರಿ ಮಾಡಲಿಲ್ಲ. 1970ರಲ್ಲಿ ಉಪ್ಪಿನ ಆಗರದ ಫಾಂಗಾಸಿಯೆ ಎಂಬ ಕೊಳದ ನಡುವೆ ಮಣ್ಣು ಸುರಿದು ಒಂದು ದ್ವೀಪವನ್ನು ಕಟ್ಟಿದರು. ಹಕ್ಕಿ ಬರಲಿಲ್ಲ. ಆಗ ವಿಜ್ಞಾನಿಗಳು ಕೆಸರು ಕಲಸಿ, ನಿಜವಾದ ಗೂಡಿನಂತೆಯೇ ಕಾಣುವ ಗುಪ್ಪೆಗಳನ್ನು ಮಾಡಿಟ್ಟರು. 1974ರಲ್ಲಿ ಹಕ್ಕಿಗಳು ಬಂದು ಕುಳಿತವು. ಮುಂದೆ ಅಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜೋಡಿಗಳು ಗೂಡು ಮಾಡಿದ ವರ್ಷಗಳೂ ಇದ್ದವು.

ಉಪ್ಪು ತೊಳೆದ ಭತ್ತ

ಕಾಮಾರ್ಗಿನಲ್ಲಿ ಭತ್ತ ಮೊದಲಿಗೆ ಬಂದದ್ದು ಊಟಕ್ಕಿಂತ ಹೆಚ್ಚಾಗಿ ಉಪ್ಪು ತೊಳೆಯುವುದಕ್ಕೆ. ಎರಡನೆಯ ಮಹಾಯುದ್ಧದಲ್ಲಿ ಆಹಾರದ ಕೊರತೆಯಾದಾಗ, ಆಗಿನ ಫ್ರೆಂಚ್ ಇಂಡೋಚೈನಾದಿಂದ ಕರೆತಂದಿದ್ದ ವಿಯೆಟ್ನಾಮೀ ಕೆಲಸಗಾರರ ಕೈಯಿಂದ ಗದ್ದೆಗಳನ್ನು ಮತ್ತೆ ಮಾಡಿಸಿದರು. 1960ರ ದಶಕದ ಆರಂಭಕ್ಕೆ ಭತ್ತ 30,000 ಹೆಕ್ಟೇರು ಮುಟ್ಟಿತ್ತು. ಮುಂದೆ ಬೆಲೆ ಬಿದ್ದು ಬಹುಪಾಲು ಗದ್ದೆಗಳು ನಿಂತುಹೋದವು, ಮತ್ತೆ ಚೇತರಿಸಿಕೊಂಡವು. 2000ದಲ್ಲಿ ಕಾಮಾರ್ಗಿನ ಅಕ್ಕಿಗೆ ಯೂರೋಪಿನ ಭೌಗೋಳಿಕ ಗುರುತು ಸಿಕ್ಕಿತು.

ಗದ್ದೆಗೆ ರೋನ್ ನದಿಯಿಂದ ಪಂಪು ಮಾಡಿದ ನೀರು ಉಪ್ಪನ್ನು ಕೆಳಕ್ಕೆ ತಳ್ಳುತ್ತದೆ. ಬಸಿಗಾಲುವೆಗಳ ಮೂಲಕ ಅದರ ಒಂದು ಭಾಗ ವಕಾರೆಸ್ ಸೇರಿ, ಅಲ್ಲಿನ ಉಪ್ಪನ್ನೂ ತಗ್ಗಿಸುತ್ತದೆ. ಹಾಗೆಂದು ರೈತನ ತಪ್ಪೇ ಇಲ್ಲವೆನ್ನುವಂತಿಲ್ಲ. ಅದೇ ಬಸಿನೀರಿನಲ್ಲಿ ಕಳೆನಾಶಕ, ಕೀಟನಾಶಕಗಳೂ ಸರೋವರಕ್ಕೆ ಹೋಗುತ್ತವೆ. ಆದರೆ ಭತ್ತ ಪೂರ್ತಿ ನಿಂತರೆ ಸಿಹಿನೀರಿನ ದೊಡ್ಡ ಪಾಲೂ ನಿಲ್ಲುತ್ತದೆ. ಆಗ ಜೊಂಡು ಸಾಯುತ್ತದೆ. ಜೊಂಡನ್ನು ನಂಬಿದ ಬಕವೂ ಹೋಗುತ್ತದೆ.

ರಾತ್ರಿ ಬಂದ ಅತಿಥಿ

1970ರ ದಶಕದ ಕೊನೆಯಿಂದ ರೈತರಿಗೆ ಹೊಸ ತೊಂದರೆ ಶುರುವಾಯಿತು. ಅಲ್ಲಿ ನಾಟಿ ಮಾಡುವುದಿಲ್ಲ. ವಸಂತದಲ್ಲಿ ನೀರು ನಿಲ್ಲಿಸಿದ ಗದ್ದೆಗೆ ಬೀಜ ಚೆಲ್ಲುತ್ತಾರೆ. ಆ ಹೊತ್ತಿಗೆ ರಾಜಹಂಸಗಳು ರಾತ್ರಿ ಗುಂಪಾಗಿ ಇಳಿದು, ಕೆಸರು ಕಲಕಿ ಬೀಜ ತಿಂದು, ಎಳೆಯ ಪೈರನ್ನು ತುಳಿದು ಹೋಗುತ್ತಿದ್ದವು. ಒಂದು ಕಡೆ ಹಕ್ಕಿಗೆ ದ್ವೀಪ ಕಟ್ಟಿಕೊಟ್ಟವರು, ಇನ್ನೊಂದು ಕಡೆ ಪೈರು ಕಳೆದುಕೊಂಡವರು. ರೈತರು ನಿದ್ದೆಗೆಟ್ಟು ಗದ್ದೆ ಕಾದರು, ದೀಪ ಹಾಯಿಸಿದರು, ಗ್ಯಾಸಿನ ತೋಪು ಸಿಡಿಸಿದರು. ಹಕ್ಕಿ ಪಕ್ಕದವನ ಗದ್ದೆಗೆ ಹೋಯಿತು, ಅಷ್ಟೆ!

ತೂರ್ ದು ವಲಾ ಸಂಶೋಧಕರು ಹಾನಿಯಾದ ಗದ್ದೆಗಳನ್ನೂ ಆಗದವನ್ನೂ ಹೋಲಿಸಿ ನೋಡಿದರು. ಹೆಚ್ಚು ಪೆಟ್ಟು ತಿಂದವು ಮರಗಿಡಗಳಿಲ್ಲದ, ಬಯಲಾದ ದೊಡ್ಡ ಗದ್ದೆಗಳು. ಸುತ್ತ ಮರದ ಬೇಲಿಯಿದ್ದ ಚಿಕ್ಕ ಗದ್ದೆಗಳಿಗೆ ಹಕ್ಕಿ ಅಷ್ಟಾಗಿ ಇಳಿದಿರಲಿಲ್ಲ. ರಾಜಹಂಸ ಮೇಲೇಳಬೇಕಾದರೆ ಓಡಿಕೊಂಡು ಹೋಗಿ ಹಾರಬೇಕು. ಅದಕ್ಕೆ ತೆರೆದ ಜಾಗವೇ ಒಗ್ಗುತ್ತದೆ. ಆದ್ದರಿಂದ ಗದ್ದೆಯಂಚಿನಲ್ಲಿ ಮತ್ತೆ ಜೀವಬೇಲಿ ಎಬ್ಬಿಸುವ ಸಲಹೆ ಬಂತು. ಬೇಲಿ ಮಿಸ್ತ್ರಾಲ್ ಗಾಳಿಯನ್ನೂ ತಡೆಯುತ್ತದೆ, ಸಣ್ಣ ಹಕ್ಕಿಗಳಿಗೂ ನೆಲೆಯಾಗುತ್ತದೆ. ತೊಂದರೆ ಪೂರ್ತಿ ತೀರಿಲ್ಲ. ಬೇಲಿ ಬೆಳೆಯಲು ವರ್ಷಗಳು ಬೇಕು, ಅಂಚಿನ ನೆಲವೂ ಹೋಗುತ್ತದೆ. ಆದರೂ ರಾತ್ರಿಯಿಡೀ ತೋಪು ಸಿಡಿಸುವುದಕ್ಕಿಂತ ಇದು ಮೇಲು.

ಎಲ್ಲ ಹಕ್ಕಿಯೂ ಶತ್ರುವಲ್ಲ. ಕೊಯ್ಲಾದ ಮೇಲೆ ಚಳಿಗಾಲದಲ್ಲಿ ಗದ್ದೆಗೆ ನೀರು ಬಿಟ್ಟರೆ ಬಾತುಗಳು ಇಳಿದು ಕಳೆಬೀಜ ತಿನ್ನುತ್ತವೆ, ಕೂಳೆ ತುಳಿದು ಬೇಗ ಕೊಳೆಯುವಂತೆ ಮಾಡುತ್ತವೆ.

ಆಗರ ನಿಂತಾಗ

ಫಾಂಗಾಸಿಯೆ ಕೊಳಕ್ಕೆ ನೀರು ತುಂಬುತ್ತಿದ್ದುದು ಉಪ್ಪಿನ ಕಂಪೆನಿಯ ಪಂಪುಗಳು. ಆ ಭಾಗದಲ್ಲಿ ಉಪ್ಪು ತೆಗೆಯುವುದನ್ನು ಕೈಬಿಟ್ಟು ಕಂಪೆನಿ ಸಾವಿರಾರು ಹೆಕ್ಟೇರನ್ನು ಸರ್ಕಾರದ ಕರಾವಳಿ ರಕ್ಷಣಾ ಸಂಸ್ಥೆಗೆ ಮಾರಿತು. ಪಂಪು ನಿಂತಿತು, ಒಡೆದ ಸಮುದ್ರದ ಏರಿಯನ್ನು ಎಲ್ಲೆಡೆ ಕಟ್ಟದೆ, ಕಡಲು ಒಳಬರಲೆಂದು ಬಿಟ್ಟರು. 2015ರ ಹೊತ್ತಿಗೆ ರಾಜಹಂಸಗಳು ಪಶ್ಚಿಮಕ್ಕಿರುವ ಎಗ್‌ಮಾರ್ತ್ ಆಗರಕ್ಕೆ ಹೋಗಿ ಗೂಡು ಕಟ್ಟಿದವು. ಅಲ್ಲಿ ಉಪ್ಪಿನ ಕೆಲಸ ನಡೆಯುತ್ತಿತ್ತು. ಹಕ್ಕಿ ಕಾಗದದ ಮೇಲಿನ ಗಡಿಯನ್ನು ಕೇಳಲಿಲ್ಲ, ನೀರಿದ್ದ ಕಡೆ ಹೋಯಿತು.

ನಮಗಿರುವ ನಂಟು

ಜೌಗು ನೆಲಗಳ ರಕ್ಷಣೆಗಾಗಿ 1962ರಲ್ಲಿ ಹಾಫ್‌ಮನ್ನರ ಮುಂದಾಳುತನದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಸೇರಿದ್ದು ಕಾಮಾರ್ಗಿನ ಕಡಲತೀರದ ಊರೊಂದರಲ್ಲಿ. ಅದರ ಫಲವೇ 1971ರ ರಾಮ್‌ಸಾರ್ ಒಪ್ಪಂದ. ಅದೇ ಪಟ್ಟಿಗೆ 2022ರಲ್ಲಿ ನಮ್ಮ ರಂಗನತಿಟ್ಟು ಸೇರಿತು, 2024ರಲ್ಲಿ ಅಘನಾಶಿನಿ ಅಳಿವೆ ಸೇರಿತು. ಅಘನಾಶಿನಿಯಲ್ಲೂ ಗಜನಿ ಗದ್ದೆಯ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪು, ಮೀನು, ಹಕ್ಕಿ ಎಲ್ಲ ಒಂದೇ ನೀರಿನಲ್ಲಿವೆ. ಆ ನದಿ ಹುಟ್ಟುವುದು ನಮ್ಮ ಅಡಿಕೆ ತೋಟಗಳ ಸೀಮೆಯಲ್ಲಿ.

ಕಾಮಾರ್ಗಿನಲ್ಲಿ ಸಮುದ್ರದ ಏರಿಯ ತೂಬನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ರೈತರು, ಮೀನುಗಾರರು ಮತ್ತು ರಕ್ಷಿತ ಪ್ರದೇಶದವರು ಒಂದೇ ಸಮಿತಿಯಲ್ಲಿ ಕುಳಿತು ಮಾತಾಡುತ್ತಾರೆ. ವಾದ ನಡೆಯುತ್ತದೆ, ಸಿಟ್ಟೂ ಬರುತ್ತದೆ. ಆದರೂ ಮುಂದಿನ ಸಭೆಗೆ ಎಲ್ಲರೂ ಬರುತ್ತಾರೆ. ನಮ್ಮ ಸೀಮೆಯಲ್ಲಿ ರಕ್ಷಣೆಯ ಮಾತು ಬಂದಾಗ ನಾವು ಮೊದಲು ಕೇಳಬೇಕಾದದ್ದು ಇಷ್ಟೇ: ನೀರಿನ ಲೆಕ್ಕ ಇಡುವವರು ಯಾರು, ಬೆಳೆ ನಷ್ಟ ಹೊರುವವರು ಯಾರು, ಆ ಸಮಿತಿಯಲ್ಲಿ ಬೆಳೆಗಾರನಿಗೆ ಒಂದು ಕುರ್ಚಿ ಇದೆಯೇ?